ಸಂಕಮ್ಮನ ಗುಲಾಬಿ ಬಣ್ಣ

ಸಂಕಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದ ಹಾಗೆ ಮುಖ ಮಾಡುವುದು ಬೇಡ. ಹೊಟ್ಟೆಕಿಚ್ಚು ಅಂದರೆ ಅಂತಿಂಥದ್ದಲ್ಲ, ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗಲೇ ಶುರುವಾಗುವಂಥದ್ದು. ನಾನು ಚೂಡಾಮಣಿ, ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್. ಎಂ.ಎಸ್ಸಿ. ಎರಡನೇ ವರ್ಷಕ್ಕೆ ಪಾಠ ಮಾಡುತ್ತೇನೆ, ಹನ್ನೊಂದು ಮಂದಿಗೆ ಡಾಕ್ಟರೇಟ್ ಮಾಡಿಸಿದ್ದೇನೆ. ಸಂಕಮ್ಮ ಅದೇ ಕಟ್ಟಡದ ಕೆಳಮಹಡಿಯಲ್ಲಿ ಮೂವತ್ತು ವರ್ಷದಿಂದ ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುತ್ತಾಳೆ. ಬಿ.ಎಸ್ಸಿ. ಮೊದಲ ವರ್ಷದ ಪುಸ್ತಕ ಬಿಟ್ಟು ಇನ್ನೊಂದು ಪುಟ ತಿರುಗಿಸಿದವಳಲ್ಲ. ಅಂಥವಳ ಮೇಲೆ ನನಗೇನು ಹೊಟ್ಟೆಕಿಚ್ಚು ಅಂತ ಕೇಳುತ್ತೀರಿ. ಕೇಳಿ.

ನಮ್ಮೂರಿನ ಗಾಜಿನ ವಿಷಯ ನಿಮಗೆ ಗೊತ್ತಿಲ್ಲದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ನಮ್ಮ ಹೊಳೆಯ ಮರಳಿನಿಂದ ಮಾಡಿದ ಗಾಜಿನಲ್ಲಿ ಏನನ್ನು ಹಾಕಿದರೂ ಅದು ತನ್ನಷ್ಟಕ್ಕೆ ತಾನು ಬದಲಾಗುವುದಿಲ್ಲ. ಆ ಗಾಜನ್ನು ಹಿಡಿದವರಿಗೆ ಒಳಗಿನದು ಯಾಕೆ ಬದಲಾಗಬೇಕು ಅನ್ನುವುದು ಗೊತ್ತಿದ್ದರೆ ಮಾತ್ರ ಬದಲಾಗುತ್ತದೆ. ಬಾಯಿಪಾಠ ಸಾಲದು, ಗೊತ್ತಿರಬೇಕು. ಹಾಗಾಗಿ ನಮ್ಮ ಮನೆಗಳಲ್ಲಿ ಹಾಲನ್ನು ಗಾಜಿನ ಜಾಡಿಯಲ್ಲಿ ಇಟ್ಟರೆ ಹದಿನೈದು ದಿನ ಕೆಡುವುದಿಲ್ಲ, ಬಿ.ಎಸ್ಸಿ. ಓದಿದ ಸೊಸೆ ಬರುವ ತನಕ. ಓದಿದ ಸೊಸೆ ಜಾಡಿ ಮುಟ್ಟಿದಳೋ, ಸಂಜೆಯೊಳಗೆ ಹಾಲು ಹುಳಿ. ಹೆಣ್ಣು ನೋಡಲು ಬಂದವರು "ಹುಡುಗಿ ಎಷ್ಟರ ತನಕ ಓದಿದ್ದಾಳೆ?" ಅಂತ ಕೇಳುವುದು ಅದಕ್ಕೇ. ನಮ್ಮ ಡಿಪಾರ್ಟ್‌ಮೆಂಟಿನವರಿಗೆ ಸೇಂದಿ ಅಂಗಡಿಯಲ್ಲಿ ಸ್ಟೀಲ್ ಲೋಟದಲ್ಲೇ ಕೊಡುತ್ತಾರೆ. ಉಪ್ಪಿನಕಾಯಿ ಹಾಕುವ ದಿನ ನನ್ನ ಅತ್ತೆ ನನ್ನನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು, ಪುಣ್ಯಾತ್ಗಿತ್ತಿ.

ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಯೋಗದ ಪರೀಕ್ಷೆಗೆ ಪ್ರಶ್ನೆ ಕೇಳುವ ತಾಪತ್ರಯವೇ ಇಲ್ಲ. ಫ್ಲಾಸ್ಕ್ ಕೈಗೆ ಕೊಡುತ್ತಾರೆ. ಬಣ್ಣ ಬಂದರೆ ಪಾಸು, ಬರದಿದ್ದರೆ ಮನೆಗೆ. ಒಂದೇ ಒಂದು ಸಂದು ಇದೆ. ಬಿ.ಎಸ್ಸಿ. ಮೂರು ವರ್ಷವೂ ಜೋಡಿಯಾಗಿ ಮಾಡುವ ಪದ್ಧತಿ, ಇಬ್ಬರೂ ಫ್ಲಾಸ್ಕ್ ಹಿಡಿದಿರಬೇಕು. ಇಬ್ಬರಲ್ಲಿ ಒಬ್ಬರಿಗೆ ಗೊತ್ತಿದ್ದರೂ ಗಾಜು ಒಪ್ಪಿಬಿಡುತ್ತದೆ. ಆದ್ದರಿಂದ ಜೂನ್ ತಿಂಗಳಲ್ಲಿ ತಂದೆತಾಯಂದಿರು ಮಕ್ಕಳಿಗೆ ಒಳ್ಳೆ ಜೋಡಿ ಹುಡುಕುತ್ತಾ ಅಲೆಯುವುದನ್ನು ನೋಡಬೇಕು ನೀವು.

ನನ್ನ ಜೋಡಿ ಸಂಕಮ್ಮ. ನನ್ನ ಅಪ್ಪ ವಕೀಲರು, ಅವಳ ಅಪ್ಪ ಗಾಣದವರು. ನಾನು ಮುಂದಿನ ಬೆಂಚು, ಅವಳು ಬಾಗಿಲ ಪಕ್ಕ. ಜೋಡಿ ಸಿಗದೆ ಉಳಿದವರ ಪಟ್ಟಿಯಲ್ಲಿ ಅಕ್ಕಪಕ್ಕ ಬಂದೆವು, ಅಷ್ಟೆ. ಮೊದಲ ಟೈಟ್ರೇಷನ್ ದಿನ, ಅಂದರೆ ಆಮ್ಲಕ್ಕೆ ಪ್ರತ್ಯಾಮ್ಲ ಹನಿಸಿ ಬಣ್ಣ ಬರಿಸುವ ದಿನ, ನಾನು ಫ್ಲಾಸ್ಕಿನ ಕತ್ತು ಹಿಡಿದಿದ್ದೆ, ಅವಳು ತಳ ಹಿಡಿದಿದ್ದಳು. ಮೇಲಿನ ಅಳತೆಯ ಕೊಳವೆ ಬ್ಯುರೆಟ್ಟಿನಿಂದ ಹನಿ ಹನಿ ಬಿದ್ದು ಎಲ್ಲರಿಗಿಂತ ಮೊದಲು ನಮ್ಮದೇ ಗುಲಾಬಿ ಆಯಿತು. ಮೇಷ್ಟ್ರು "ಭೇಷ್ ಚೂಡಾಮಣಿ" ಅಂದರು. ಮೂರು ವರ್ಷವೂ ನಮ್ಮ ಜೋಡಿಯೇ ಮೊದಲು. ಪಾಪ, ಇವಳನ್ನು ನಾನು ಎಳೆದುಕೊಂಡು ಹೋಗುತ್ತಿದ್ದೇನೆ ಅಂತ ನನಗೊಂದು ಉದಾರ ಭಾವನೆ ಇತ್ತು. ಆಮೇಲೆ ನಾನು ಎಂ.ಎಸ್ಸಿ. ಸೇರಿದೆ, ಅಲ್ಲಿ ಜೋಡಿ ಇಲ್ಲ, ಒಂಟಿ ಕೈ. ಅವಳು ಸೇರಲಿಲ್ಲ, ಕೆಳಗೆ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ನಾನು ಎಳೆಯುವುದು ಬಿಟ್ಟ ತಕ್ಷಣ ನಿಂತುಬಿಟ್ಟಳಲ್ಲ ಅಂತ ಅವತ್ತು ನನಗೆ ಒಳಗೊಳಗೇ ಸಮಾಧಾನವೂ ಆಗಿತ್ತು.

ಆದರೆ ಮುಂದೆ ಆದದ್ದೇನು? ನನ್ನ ಹತ್ತಿರ ಎಂ.ಎಸ್ಸಿ.ಗೆ ಬರುವ ಪ್ರತಿಯೊಬ್ಬರೂ ಅವಳ ಕೈಯಿಂದ ಬಂದವರು. ನಾನು ಬೋರ್ಡಿನ ಮೇಲೆ ಎಷ್ಟು ಕಷ್ಟದ್ದನ್ನು ಬರೆದರೂ ಹಿಂದಿನಿಂದ ಯಾರಾದರೂ ಒಬ್ಬರು, "ಓ, ಇದು ಸಂಕಮ್ಮ ಮೇಡಂ ಹೇಳಿದ್ದೇ ಅಲ್ವಾ, ಸ್ವಲ್ಪ ದೊಡ್ಡದು" ಅನ್ನುವುದು. ದೊಡ್ಡದಂತೆ! ನಾನು ಆರು ವರ್ಷ ತಲೆ ಕೂದಲು ಉದುರಿಸಿಕೊಂಡು ಕಲಿತದ್ದು ಇವರಿಗೆ ಸಂಕಮ್ಮನದೇ ಸ್ವಲ್ಪ ದೊಡ್ಡದು. ಫಕೀರೇಶ ಅಂತ ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿ. ಐದು ವರ್ಷ ಅವನ ಒಂದೊಂದು ವಾಕ್ಯ ತಿದ್ದಿದ್ದೇನೆ. ಪ್ರಬಂಧದ ಮೊದಲ ಪುಟ ತೆರೆದರೆ, "ನನಗೆ ಕಣ್ಣು ಕೊಟ್ಟ ಸಂಕಮ್ಮ ಮೇಡಂ ಅವರಿಗೆ." ಎರಡನೇ ಪುಟದಲ್ಲಿ ನಾನು, ಲೈಬ್ರರಿಯವರ ಜೊತೆಗೆ. ಆ ದಿನ ಅವನು ಪೇಡ ತಂದು ಕೊಟ್ಟ, ನನ್ನ ಗಂಟಲಲ್ಲಿ ಇಳಿಯಲಿಲ್ಲ. "ಸಿಹಿ ಕಡಿಮೆ ಮಾಡಿದ್ದೇನಪ್ಪ" ಅಂತ ಸುಳ್ಳು ಹೇಳಿ ಡ್ರಾಯರಿಗೆ ಹಾಕಿಕೊಂಡೆ.

ನಾನೂ ಸುಮ್ಮನೆ ಕೂರಲಿಲ್ಲ ಅನ್ನಿ. ಟೈಮ್‌ಟೇಬಲ್ ನನ್ನ ಕೈಯಲ್ಲಿತ್ತು. ಅವಳಿಗೆ ಮಧ್ಯಾಹ್ನ ಎರಡು ಗಂಟೆಯ ಕ್ಲಾಸು ಹಾಕಿದೆ, ಊಟ ಮಾಡಿ ಮಕ್ಕಳು ತೂಕಡಿಸುವ ಹೊತ್ತು. ಒಬ್ಬರೂ ತೂಕಡಿಸಲಿಲ್ಲ. ಶೌಚಾಲಯದ ಪಕ್ಕದ ಕೋಣೆ ಕೊಟ್ಟೆ. ಅವಳು ಅಮೋನಿಯಾದ ಪಾಠವನ್ನು ಅಲ್ಲಿಂದಲೇ ಶುರುಮಾಡಿದಳಂತೆ, ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಇವೆಲ್ಲ ಚಿಲ್ಲರೆ. ದೊಡ್ಡದು ಒಂದು ಮಾಡಿದ್ದೇನೆ. ಒಂಬತ್ತು ವರ್ಷದ ಕೆಳಗೆ ಅವಳ ಬಡ್ತಿಯ ಕಡತ ಸಮಿತಿಗೆ ಬಂದಾಗ, "ಮೊದಲ ವರ್ಷಕ್ಕೆ ಅಷ್ಟು ದೊಡ್ಡ ಹುದ್ದೆ ಯಾಕೆ?" ಅಂತ ನಾನು ಒಂದು ಮಾತು ಅಂದೆ. ಕಡತ ಮುಚ್ಚಿಹೋಯಿತು. ಆ ಮಾತು ಅಂದವಳು ನಾನು ಅಂತ ಅವಳಿಗೆ ತಿಳಿದಿತ್ತು, ಮಾರನೆಯ ದಿನ ಮೆಟ್ಟಿಲ ಮೇಲೆ ಸಿಕ್ಕಾಗ "ಚೂಡಾ, ನಿಮ್ಮತ್ತೆಗೆ ಜ್ವರ ಬಿಡ್ತಾ?" ಅಂತ ಕೇಳಿದಳು. ಬೈದಿದ್ದರೆ ನನಗೆ ಎಷ್ಟೋ ಆರಾಮಾಗಿರುತ್ತಿತ್ತು.

ಈ ಸಲ ಬೇಸಿಗೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಇನಾಯತ್ ಸಾಹೇಬರು ನಿವೃತ್ತಿಯಾಗುವ ದಿನ ಹತ್ತಿರ ಬಂತು. ಮುಂದಿನ ಮುಖ್ಯಸ್ಥೆ ನಾನೇ, ಅದರಲ್ಲಿ ಎರಡು ಮಾತಿಲ್ಲ. ಮುಖ್ಯಸ್ಥೆಯ ಕುರ್ಚಿ ಯಾಕೆ ಬೇಕಿತ್ತು ಅಂದರೆ, ನಿಜ ಹೇಳಲಾ, ಸಂಕಮ್ಮ ರಜೆಚೀಟಿ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಲ್ಲಬೇಕಿತ್ತು. ಅದೊಂದೇ ಚಿತ್ರ ಮನಸ್ಸಿನಲ್ಲಿ ಇಟ್ಟುಕೊಂಡು ಎರಡು ವರ್ಷ ಕಾದಿದ್ದೆ. ಕುರ್ಚಿ ಹತ್ತುವ ಮುಂಚೆ ಮಾತ್ರ ಒಂದು ಶಾಸ್ತ್ರ ಇದೆ, ಅದಕ್ಕೆ ಮೊದಲ ಹನಿ ಅನ್ನುತ್ತೇವೆ. ವರ್ಷ ಶುರುವಾಗುವ ದಿನ, ಹೊಸದಾಗಿ ಸೇರಿದ ಮಕ್ಕಳ ಮುಂದೆ, ಮುಖ್ಯಸ್ಥರಾಗುವವರು ಒಂಟಿ ಕೈಯಲ್ಲಿ ಮೊದಲ ವರ್ಷದ ಮೊದಲ ಟೈಟ್ರೇಷನ್ ಮಾಡಿ ತೋರಿಸಬೇಕು. ಗುಲಾಬಿ ಬಂತೋ, ಸಾಹೇಬರು ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ. ಐದು ನಿಮಿಷದ ಕೆಲಸ.

ಅದೃಷ್ಟಕ್ಕೆ ಒಂದು ತಿಂಗಳು ಮುಂಚೆ ನನಗೆ ಒಮ್ಮೆ ಕೈ ಆಡಿಸಿ ನೋಡೋಣ ಅನ್ನಿಸಿತು. ಮೇಷ್ಟ್ರಾದ ಮೇಲೆ ನಾವು ಯಾರು ಸ್ವತಃ ಮಾಡುತ್ತೇವೆ ಹೇಳಿ, ಮಾಡಿಸುತ್ತೇವೆ. ನಮ್ಮ ಲ್ಯಾಬಿನ ದ್ಯಾವಣ್ಣನಿಗೆ ಸಾಮಾನು ತಂದಿಡು ಅಂದೆ. ಬಾಗಿಲು ಹಾಕಿಕೊಂಡೆ. ಫ್ಲಾಸ್ಕಿನಲ್ಲಿ ಆಮ್ಲ ಹಾಕಿ, ಬಣ್ಣ ತೋರಿಸುವ ಸೂಚಕ ಎರಡು ತೊಟ್ಟು ಬಿಟ್ಟು, ಬ್ಯುರೆಟ್ಟಿನಿಂದ ಪ್ರತ್ಯಾಮ್ಲ ಬಿಡುತ್ತಾ ಹೋದೆ. ಇಪ್ಪತ್ತು ಎಂ.ಎಲ್. ಇಪ್ಪತ್ತೈದು. ಮೂವತ್ತು. ಬ್ಯುರೆಟ್ ಖಾಲಿ. ಫ್ಲಾಸ್ಕಿನಲ್ಲಿ ಕುಡಿಯುವ ನೀರಿನ ಹಾಗೆ ತಿಳಿಯಾಗಿ ನಿಂತಿತ್ತು.

ಸಾಮಾನು ಕೆಟ್ಟಿದೆ ಅಂದುಕೊಂಡೆ. ದ್ಯಾವಣ್ಣನನ್ನು ಬೈದು ಬೇರೆ ತರಿಸಿದೆ. ಅದೂ ಹಾಗೇ. ಎಂ.ಎಸ್ಸಿ.ಯ ಅತಿ ಕಷ್ಟದ ಪ್ರಯೋಗ ಒಂದನ್ನು ಅದೇ ಗಾಜಿನಲ್ಲಿ ಮಾಡಿ ನೋಡಿದೆ, ಹೂವಿನಂತೆ ಆಯಿತು. ಪಿಎಚ್.ಡಿ.ಯಲ್ಲಿ ನಾನೇ ಕಂಡುಹಿಡಿದದ್ದು ಮಾಡಿದೆ, ಆಯಿತು. ಮತ್ತೆ ಟೈಟ್ರೇಷನ್, ಇಲ್ಲ. ಸೂಚಕದ ಇಡೀ ರಚನೆ ನಾನು ಕಣ್ಣುಮುಚ್ಚಿ ಬಿಡಿಸುತ್ತೇನೆ ಕಣ್ರೀ, ಎಲ್ಲಿ ಬಾಣ ಎಲ್ಲಿ ಉಂಗುರ ಅಂತ. ಬಿಡಿಸಿದೆ ಕೂಡ, ಬೋರ್ಡಿನ ತುಂಬ, ಗಾಜಿಗೆ ತೋರಿಸುವವಳ ಹಾಗೆ. ಗಾಜು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಆಗ ಸ್ಟೂಲಿನ ಮೇಲೆ ಕೂತೆ, ಮೂವತ್ತಮೂರು ವರ್ಷದ ಹಿಂದಿನ ಆ ದಿನ ನೆನಪಾಯಿತು. ಕತ್ತು ಹಿಡಿದಿದ್ದವಳು ನಾನು. ತಳ ಹಿಡಿದಿದ್ದ ಕೈ ಅವಳದು. ಆ ಗುಲಾಬಿ ಯಾವತ್ತೂ ನನ್ನದಾಗಿರಲಿಲ್ಲ.

ಅವಮಾನವಾಯಿತು ಅಂದುಕೊಳ್ಳುತ್ತೀರೇನೋ. ಅಲ್ಲ, ಸಿಟ್ಟು ಬಂತು. ಕದ್ದವಳು ನಾನು, ಸಿಟ್ಟು ಬಂದದ್ದು ಅವಳ ಮೇಲೆ. ನನ್ನ ಮೊದಲ "ಭೇಷ್" ಕೂಡ ಅವಳದೇ ಆಗಿಬಿಟ್ಟಿತಲ್ಲ! ಊರ ಹೊರಗಿನ ಗಾಜು ತಂದು ಕೆಲಸ ಮುಗಿಸೋಣ ಅಂತಲೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಇನಾಯತ್ ಸಾಹೇಬರು ಫ್ಲಾಸ್ಕನ್ನು ಉಗುರಿನಿಂದ ತಟ್ಟಿ ನೋಡಿಯೇ ಕೈಗೆ ಕೊಡುವುದು, ನಮ್ಮ ಗಾಜಿನ ಸದ್ದೇ ಬೇರೆ. ದಿನಾ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದೆ. ಪುಸ್ತಕ ಓದಿದೆ, ಎಲ್ಲ ಗೊತ್ತಿದ್ದದ್ದೇ. ಗೊತ್ತಿದ್ದದ್ದನ್ನೇ ಓದಿದರೆ ಗೊತ್ತಿಲ್ಲದ್ದು ಯಾವುದು ಅಂತ ತಿಳಿಯುವುದು ಹೇಗೆ? "ಮೇಡಂ, ಈ ವಾರ ಎರಡು ಲೀಟರ್ ಆಸಿಡ್ ಖರ್ಚಾಗಿದೆ, ಏನಾದ್ರೂ ತೊಳೀತಿದ್ದೀರಾ?" ಅಂತ ದ್ಯಾವಣ್ಣ ಕೇಳಿದ. "ನಿನ್ನ ಬಾಯಿ ತೊಳೆಯೋಕೆ ಇಟ್ಟಿದ್ದೀನಿ" ಅಂದೆ.

ಬೇಸಿಗೆಯಲ್ಲಿ ಫೇಲಾದ ಮಕ್ಕಳಿಗೆ ಸಂಕಮ್ಮ ಮತ್ತೊಮ್ಮೆ ಪಾಠ ಮಾಡುತ್ತಾಳೆ. ತಪಾಸಣೆ ಅಂತ ಹೇಳಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವಳು ಮಾತಾಡಿದ್ದೇ ಮಾತಾಡಿದ್ದು, ನಾನು ಬರೆದುಕೊಂಡದ್ದೇ ಬರೆದುಕೊಂಡದ್ದು. ಗಂಟೆ ಹೊಡೆದ ಮೇಲೆ ಪುಸ್ತಕ ನೋಡಿದರೆ ನಾನು ಬರೆದುಕೊಂಡದ್ದೆಲ್ಲ ಅವಳ ತಪ್ಪುಗಳು. ಆಮ್ಲ ಅನ್ನುವ ಕಡೆ ಆಸಿಡ್ಡು ಅಂದಳು. ಮಕ್ಕಳಿಗೆ ಬೆನ್ನು ಹಾಕಿ ನಿಂತಳು. ಸೆರಗಿನಲ್ಲಿ ಬೋರ್ಡು ಒರೆಸಿದಳು. ಒಟ್ಟು ಹದಿನಾಲ್ಕು. ಅಷ್ಟರಲ್ಲಿ ಆ ಫೇಲಾದ ಮಕ್ಕಳ ಕೈಯಲ್ಲೆಲ್ಲ ಗುಲಾಬಿ ಬಣ್ಣ ಬಂದುಬಿಟ್ಟಿತ್ತು, ಒಬ್ಬೊಬ್ಬರೂ ಕಿಟಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. ನನ್ನ ಪಕ್ಕ ಕೂತಿದ್ದವನು ಮೂರು ಸಲ ಫೇಲಾದವನು, ಅವನದೂ ಬಂದಿತ್ತು. ಅವನ ಕಿವಿ ಹಿಂಡಬೇಕು ಅನ್ನಿಸಿತು.

ಶಾಸ್ತ್ರಕ್ಕೆ ಮೂರು ದಿನ ಉಳಿದಾಗ ಮೊಂಡುತನ ಬಿಟ್ಟು ಅವಳ ಲ್ಯಾಬಿಗೇ ಹೋದೆ. ಸಂಕಮ್ಮ ಪಿಪೆಟ್ಟಿನ ಕೊಳವೆಗಳನ್ನು ಒಣಗಿಸುತ್ತಿದ್ದಳು. ನನ್ನನ್ನು ನೋಡಿ ಸ್ಟೂಲು ಎಳೆದು ಸೆರಗಿನಿಂದ ಒರೆಸಿದಳು.

"ಏನಿಲ್ಲ, ಮಕ್ಕಳಿಗೆ ಟೈಟ್ರೇಷನ್ನು ಹೇಗೆ ಹೇಳಿಕೊಡ್ತೀಯ ಅಂತ ಕೇಳೋಣ ಅಂತ ಬಂದೆ" ಅಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಮೊದಲು ಆಸಿಡ್ಡು ಅಂದ್ರೆ ಏನು ಅಂತ..."

"ಹ್ಞಾಂ, ಜಲಜನಕ ಬಿಟ್ಟುಕೊಡೋದು. ಅದು ಗೊತ್ತು."

"ಆಮೇಲೆ ಸೂಚಕ..."

"ಗೊತ್ತು ಗೊತ್ತು. ಮುಂದೆ ಹೇಳು."

"ಪ್ರತ್ಯಾಮ್ಲ ಬಿದ್ದ ಕೂಡಲೇ..."

"ಅದೂ ಗೊತ್ತಲ್ಲೇ!"

ಅವಳು ಪಿಪೆಟ್ಟನ್ನು ಸ್ಟ್ಯಾಂಡಿಗೆ ಇಟ್ಟಳು. "ಚೂಡಾ, ನಿಂಗೆ ಗೊತ್ತಿರೋದನ್ನ ನಾನು ಹೇಗೆ ಹೇಳಿಕೊಡ್ಲಿ? ಗೊತ್ತಿಲ್ಲದೇ ಇರೋದು ಏನಾದ್ರೂ ಇದ್ರೆ ಹೇಳು." ಇನ್ನೊಂದು ಸ್ಟೂಲಿನ ಮೇಲೆ ಕೂತು ಕಾದಳು. ನನಗೆ ಗೊತ್ತಿಲ್ಲ ಅನ್ನುವ ಎರಡು ಶಬ್ದ, ಎಲ್ಲರ ಮುಂದೆಯಾದರೂ ಹೇಳಿಯೇನು, ಈ ಒಬ್ಬಳ ಮುಂದೆ ಹೇಳಲಾರೆ ಅನ್ನಿಸಿತು. "ನನಗೇನು ಗೊತ್ತಿಲ್ಲ? ಸುಮ್ಮನೆ ಬಂದೆ" ಅಂತ ಎದ್ದು ಬಂದೆ.

ಸೋಮವಾರ ಹತ್ತೂವರೆಗೆ ದೊಡ್ಡ ಲ್ಯಾಬು ತುಂಬಿತ್ತು. ಹೊಸ ಮಕ್ಕಳು ಎಂಬತ್ತು ಜನ, ಬಿಳಿ ಕೋಟಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರುಗಳೆಲ್ಲ ಗೋಡೆ ಪಕ್ಕ. ಫಕೀರೇಶ ಮುಂದೆಯೇ ಬಂದು ನಿಂತಿದ್ದ, ಮೊಬೈಲು ಹಿಡಿದುಕೊಂಡು. ಸಂಕಮ್ಮ ಮಕ್ಕಳ ಮುಂದಿನ ಸಾಲಿನ ತುದಿಯಲ್ಲಿ, ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಹೋಗದೇ ಇರಬಹುದಿತ್ತಲ್ಲ, ಜ್ವರ ಅಂತ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೋಗದಿದ್ದರೆ ಕುರ್ಚಿ ಇನ್ನೊಬ್ಬರಿಗೆ. ಒಂದು ವೇಳೆ ಗಾಜು ಕರುಣೆ ತೋರಿಸಬಹುದು ಅಂತ ಆಸೆಯೂ ಇತ್ತು.

ಇನಾಯತ್ ಸಾಹೇಬರು ಫ್ಲಾಸ್ಕು ತಟ್ಟಿ ನನ್ನ ಕೈಗೆ ಕೊಟ್ಟರು. "ಬಿಸ್ಮಿಲ್ಲಾ ಮಾಡಿ ಮೇಡಂ" ಅಂದರು. ನಾನು ಹನಿ ಬಿಡಲು ಶುರುಮಾಡಿದೆ. ಮಕ್ಕಳು ಉಸಿರು ಹಿಡಿದು ನೋಡುತ್ತಿದ್ದರು. ಇಪ್ಪತ್ತು ಎಂ.ಎಲ್. ಹತ್ತಿರ ಬಂದಾಗ ನಿಧಾನ ಮಾಡಿದೆ, ಅಲ್ಲೇ ಆಗುವುದು ಅಂತ ಎಲ್ಲರಿಗೂ ಗೊತ್ತು. ಇಪ್ಪತ್ತೊಂದು. ಇಪ್ಪತ್ತಮೂರು. ಗೋಡೆ ಪಕ್ಕ ಯಾರೋ ಕೆಮ್ಮಿದರು. ಇಪ್ಪತ್ತೇಳು. ಫಕೀರೇಶ ಮೊಬೈಲು ಕೆಳಗಿಳಿಸಿದ. ಅವನು ಹಾಗೆ ಇಳಿಸಿದ್ದು ನೋಡಿ ನನಗೆ ಅಳು ಬಂತು. ನನ್ನ ಕೈಯಲ್ಲಿ ತಿಳಿನೀರು, ಬೆನ್ನಿನಲ್ಲಿ ಬೆವರು.

ಆಗ ಸಂಕಮ್ಮ ಎದ್ದಳು. ಯಾರನ್ನೂ ನೋಡದೆ ಸೀದಾ ನನ್ನ ಪಕ್ಕಕ್ಕೆ ಬಂದು, ಅಂಗೈ ಮೇಲೆ ಮಾಡಿ, ಫ್ಲಾಸ್ಕಿನ ತಳಕ್ಕೆ ಕೈ ಒಡ್ಡಿದಳು. ಇನಾಯತ್ ಸಾಹೇಬರು ಮೆಲ್ಲಗೆ ಕಿಟಕಿಯ ಕಡೆ ತಿರುಗಿ ನಿಂತರು, ಹೊರಗೆ ಏನೋ ಇದ್ದ ಹಾಗೆ. ಒಳ್ಳೆಯ ಮನುಷ್ಯ. ಮೇಷ್ಟ್ರುಗಳೂ ನೆಲ ನೋಡಿದರು. ನಾನು ಫ್ಲಾಸ್ಕನ್ನು ಅರ್ಧ ಇಂಚು ಕೆಳಗಿಳಿಸಿದ್ದರೆ ಸಾಕಿತ್ತು. ಗುಲಾಬಿ ಬರುತ್ತಿತ್ತು, ಹೆಸರು ಬರೆಯುತ್ತಿದ್ದರು, ಯಾರೂ ಯಾವತ್ತೂ ತುಟಿ ಬಿಚ್ಚುತ್ತಿರಲಿಲ್ಲ.

ನನಗೆ ಆ ಕೈ ನೋಡಿ ಮೈಯೆಲ್ಲ ಉರಿಯಿತು. ಮತ್ತೆ ಅವಳ ಬಣ್ಣವಾ? ಈ ಸಲವೂ ಇವಳದೇ ಆಗಬೇಕಾ? ಸತ್ತರೂ ಬೇಡ ಅನ್ನಿಸಿತು. ಪ್ರಾಮಾಣಿಕತೆ ಗೀಮಾಣಿಕತೆ ಏನೂ ಅಲ್ಲ, ಶುದ್ಧ ಹೊಟ್ಟೆಕಿಚ್ಚು. ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದೆ.

"ಕೈ ಹಾಕಬೇಡ" ಅಂದೆ. "ಹೇಳಿಕೊಡು."

"ಇಲ್ಲೇನೇ?" ಅವಳು ಪಿಸುಗುಟ್ಟಿದಳು. "ಮಕ್ಕಳ ಮುಂದೆ?"

"ಇಲ್ಲೇ. ನಂಗೆ ಗೊತ್ತಿಲ್ಲ ಸಂಕಮ್ಮ. ಇದಕ್ಕೆ ಯಾಕೆ ಬಣ್ಣ ಬರುತ್ತೆ ಅಂತ ನಂಗೆ ಯಾವತ್ತೂ ಗೊತ್ತೇ ಇರಲಿಲ್ಲ."

ಸಂಕಮ್ಮ ಸೆರಗು ಸಿಕ್ಕಿಸಿಕೊಂಡಳು. ಅವಳ ಮುಖ ಹೇಗೆ ಬದಲಾಯಿತು ಅಂದರೆ, ನಾನು ಅಲ್ಲಿ ಪ್ರೊಫೆಸರಾಗಿ ಉಳಿಯಲೇ ಇಲ್ಲ, ಎಂಬತ್ತೊಂದನೆಯವಳಾದೆ. ಪಕ್ಕದ ಮೇಜಿನಿಂದ ಇನ್ನೊಂದು ಫ್ಲಾಸ್ಕು ತೆಗೆದುಕೊಂಡು ಆಮ್ಲ ಹಾಕಿದಳು, ಸೂಚಕ ಹಾಕಿದಳು, ಮೇಲಿನಿಂದ ಒಂದೇ ಒಂದು ಹನಿ ಪ್ರತ್ಯಾಮ್ಲ ಬಿಟ್ಟಳು. ಹನಿ ಬಿದ್ದ ಜಾಗದಲ್ಲಿ ಒಂದು ಗುಲಾಬಿ ಚುಕ್ಕೆ ಮೂಡಿತು. ಫ್ಲಾಸ್ಕು ಅಲ್ಲಾಡಿಸಿದಳು, ಚುಕ್ಕೆ ಮಾಯ.

"ಎಲ್ಲಿಗೆ ಹೋಯ್ತು?" ಅಂತ ಕೇಳಿದಳು.

ಈ ಚುಕ್ಕೆಯನ್ನು ನಾನು ಸಾವಿರ ಸಲ ಬೇರೆಯವರ ಫ್ಲಾಸ್ಕಿನಲ್ಲಿ ನೋಡಿದ್ದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ. "ಕರಗಿಹೋಯ್ತು" ಅಂದೆ.

"ಕರಗಿದ್ರೆ ತೆಳ್ಳಗಾದ್ರೂ ಕಾಣಬೇಕಲ್ಲ. ಕಾಣ್ತಿದ್ಯಾ?"

"ಇಲ್ಲ."

"ಹಂಗಾದ್ರೆ? ಬಣ್ಣ ಬಂದಿದ್ದು ಹೇಗೆ, ಅದು ಹೇಳು ಮೊದಲು."

"ಪ್ರತ್ಯಾಮ್ಲ ಸೂಚಕದ ಹತ್ತಿರ ಇದ್ದ ಜಲಜನಕ ಕಿತ್ತುಕೊಂಡಿತು. ಕಿತ್ತುಕೊಂಡರೆ ಬಣ್ಣ."

"ಮತ್ತೆ ಬಣ್ಣ ಹೋಗಬೇಕು ಅಂದ್ರೆ?"

ಮುಂದಿನ ಸಾಲಿನ ಒಂದು ಹುಡುಗಿ ಕೈ ಎತ್ತಿದಳು, ಸಂಕಮ್ಮ ಕಣ್ಣಿನಲ್ಲೇ ತಡಿ ಅಂದಳು. ಆ ಹುಡುಗಿಗೆ ಗೊತ್ತಾಗಿಬಿಟ್ಟಿತಲ್ಲ ಅಂತ ನನಗೆ ಅದರಲ್ಲೂ ಹೊಟ್ಟೆಕಿಚ್ಚಾಯಿತು. "ಯಾರೋ ಅದಕ್ಕೆ ಜಲಜನಕ ವಾಪಸ್ ಕೊಟ್ಟಿರಬೇಕು" ಅಂದೆ.

"ಯಾರು?"

"ಆಮ್ಲ. ಸುತ್ತಲೂ ಆಮ್ಲ ಇದೆಯಲ್ಲ."

"ಪ್ರತಿ ಹನಿಗೂ ಕಿತ್ತುಕೊಳ್ಳೋದು, ಪ್ರತಿ ಹನಿಗೂ ವಾಪಸ್ ಕೊಡೋದು. ನೀನು ಸೂಚಕ ಬರೀ ನೋಡ್ಕೊಂಡು ನಿಂತಿದೆ ಅಂದ್ಕೊಂಡಿದ್ದೆ ಅಲ್ವಾ? ಅದು ಮೊದಲನೇ ಹನಿಯಿಂದಲೂ ಕೆಲಸ ಮಾಡ್ತಾನೇ ಇದೆ. ಸರಿ, ಎಲ್ಲಿ ತನಕ ವಾಪಸ್ ಸಿಗುತ್ತೆ ಅದಕ್ಕೆ?"

ಕೊಡುವವರು ಇರುವ ತನಕ ಅಂತ ಬಾಯಿ ತೆರೆದೆ. ಮಾತು ಹೊರಗೆ ಬರುವ ಮುಂಚೆಯೇ ಎದೆಗೆ ಅವಚಿಕೊಂಡಿದ್ದ ಫ್ಲಾಸ್ಕು ಕೆಂಪಗಾಗಿಬಿಟ್ಟಿತು. ಎಳೆ ಗುಲಾಬಿ ಅಲ್ಲ, ಬೀಟ್‌ರೂಟ್ ಹಿಂಡಿದ ಹಾಗೆ ಗಾಢವಾಗಿ, ಬಾಕಿ ಇದ್ದ ಅಷ್ಟೂ ಹನಿಗಳ ಬಣ್ಣ ಒಂದೇ ಸಲಕ್ಕೆ. ಮಕ್ಕಳು ಹೋ ಅಂತ ಕೂಗಿ ಬೆಂಚು ಬಡಿದರು. ನಾನು ಐವತ್ತೆರಡು ವರ್ಷದ ಹೆಂಗಸು ಗೊಳೋ ಅಂತ ಅತ್ತುಬಿಟ್ಟೆ.

ಸಂಕಮ್ಮ ಫ್ಲಾಸ್ಕನ್ನು ಬೆಳಕಿಗೆ ಎತ್ತಿ ನೋಡಿದಳು. "ಏಳು ಎಂ.ಎಲ್. ಜಾಸ್ತಿ ಹಾಕಿದ್ದೀಯ. ನನ್ನ ಕ್ಲಾಸಲ್ಲಾಗಿದ್ರೆ ಸೊನ್ನೆ" ಅಂದಳು.

ಅದರ ಮೇಲೆ ಅರ್ಧ ಗಂಟೆ ಜಗಳ. ಹಾಗೆ ಅಲ್ಲೇ ಕಲಿತು ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ ಅಂತ ಕೆಲವರು. ಇನಾಯತ್ ಸಾಹೇಬರು ಹಳೆಯ ಪುಸ್ತಕ ತೆರೆದು, ಕನ್ನಡಕ ಏರಿಸಿ ಓದಿದರು. "ಗೊತ್ತಿರಬೇಕು ಅಂತ ಬರೆದಿದೆ. ಯಾವಾಗಿನಿಂದ ಗೊತ್ತಿರಬೇಕು ಅಂತ ಎಲ್ಲೂ ಬರೆದಿಲ್ಲ" ಅಂದು ನನ್ನ ಹೆಸರು ಬರೆದು ಸಹಿ ಮಾಡಿದರು. ಮುಖ್ಯಸ್ಥೆಯಾದೆ. ಎಲ್ಲರೂ ಕೈ ಕುಲುಕಿದರು, ಟೀ ಕುಡಿದರು, ಹೋದರು. ಫಕೀರೇಶ ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದ, ಆಮೇಲೆ ಸಂಕಮ್ಮನ ಕಾಲಿಗೂ ಮಾಡಿದ. ಮೊದಲು ನನಗೆ ಮಾಡಿದ ಅನ್ನುವುದನ್ನು ನಾನು ಗಮನಿಸದೆ ಇರಲಿಲ್ಲ.

ನಾವಿಬ್ಬರೇ ತೊಟ್ಟಿಯ ಹತ್ತಿರ ಉಳಿದೆವು. ಅವಳು ತೊಳೆಯುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ. ನನಗೆ ತಡೆಯಲಾಗಲಿಲ್ಲ.

"ನಿಂಗೆ ಅವತ್ತೇ ಗೊತ್ತಿತ್ತಲ್ವಾ? ಬಣ್ಣ ನನ್ನ ಕೈಯಿಂದ ಬರ್ತಿಲ್ಲ ಅಂತ."

"ಹ್ಞೂಂ."

"ಮತ್ತೆ ಒಂದು ಮಾತು ಹೇಳಲಿಲ್ಲ?"

ಸಂಕಮ್ಮ ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ಎರಡನೇ ವರ್ಷ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನಂಗೇ ನಿನ್ನ ಕೈ ಬೇಕಾಯ್ತು. ಆಲ್ಕೊಹಾಲೂ ಆಸಿಡ್ಡೂ ಸೇರಿಸಿ ಬಾಳೆಹಣ್ಣಿನ ವಾಸನೆ ಬರಿಸೋದು ಇತ್ತಲ್ಲ, ನೀನು ಹಿಡಿದ್ರೆ ಘಮ್ ಅಂತಿತ್ತು. ನೀನು ಮೇಲಕ್ಕೆ ಹೋದ ಮೇಲೆ ನಾನೊಬ್ಬಳೇ ಎಷ್ಟು ಸಲ ಮಾಡಿದೆ ಗೊತ್ತಾ? ಬರಲೇ ಇಲ್ಲ. ಮೂವತ್ತು ವರ್ಷದಿಂದ ಬಂದಿಲ್ಲ. ಎಂ.ಎಸ್ಸಿ. ಅರ್ಜಿ ತುಂಬಿ ಹರಿದು ಹಾಕಿದೆ."

ನಾನು ಒರೆಸುವುದು ನಿಲ್ಲಿಸಿದೆ. ಇವಳು ಕೆಳಗೇ ಉಳಿದದ್ದು ಸೋಮಾರಿತನದಿಂದ ಅಲ್ಲ, ದೊಡ್ಡತನದಿಂದಲೂ ಅಲ್ಲ.

"ಮೇಲಿನ ಮಹಡಿಯಲ್ಲಿ ನಿನ್ನ ಬಾಗಿಲು ಹಾಕೋ ಸದ್ದು ಕೇಳಿದ್ರೆ ನಂಗೆ ಮೈ ಪರಚಿಕೊಳ್ಳೋ ಹಾಗಾಗ್ತಿತ್ತು ಚೂಡಾ" ಅಂದಳು ಸಂಕಮ್ಮ. "ನೀನು ನಂಗೆ ಎರಡು ಗಂಟೆ ಕ್ಲಾಸು ಹಾಕ್ದಾಗೆಲ್ಲ, ಹಾಕ್ಲಿ, ಇವಳಿಗೆ ಟೈಟ್ರೇಷನ್ ಬರಲ್ಲ ಅಂತ ಮನಸ್ಸಲ್ಲಿ ಹೇಳ್ಕೊಂಡು ಸಮಾಧಾನ ಮಾಡ್ಕೋತಿದ್ದೆ. ಅದೊಂದನ್ನ ಬಿಟ್ಟುಕೊಡೋಕೆ ಮನಸ್ಸೇ ಬರಲಿಲ್ಲ. ನಿಂಗೆ ಡಾಕ್ಟರೇಟ್ ಬಂತಲ್ಲ, ಆ ದಿನ ನಂಗೆ ಊಟ ಸೇರಲಿಲ್ಲ."

ನನ್ನ ಡಾಕ್ಟರೇಟ್ ದಿನ! ಹಾರ ಹಾಕಿಕೊಂಡು ಮೆಟ್ಟಿಲಿಳಿದು ಬಂದಾಗ ಇದೇ ಬಾಗಿಲಲ್ಲಿ ನಿಂತು ನಕ್ಕವಳು ಇವಳು. ಆ ನಗುವಿಗಾಗಿಯೇ ಎಷ್ಟು ವರ್ಷ ಬೆಂದಿದ್ದೆ ನಾನು, ಇವಳಿಗೆ ಒಂದು ಚೂರೂ ಉರಿಯುವುದಿಲ್ಲವಲ್ಲ ಅಂತ. ಇವಳಿಗೂ ಉರಿದಿತ್ತು! ನನ್ನ ಮದುವೆಯ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ, ದೇವರಾಣೆ.

"ಒಂದು ಹೊತ್ತಾ, ಎರಡು ಹೊತ್ತಾ?" ಅಂತ ಕೇಳಿದೆ.

"ಏನು?"

"ಊಟ ಸೇರದೇ ಇದ್ದದ್ದು."

ಸಂಕಮ್ಮ ಮೂಗು ಒರೆಸಿಕೊಂಡಳು. "ಎರಡು ಹೊತ್ತೂ" ಅಂದಳು.

"ಹಾಗಾದ್ರೆ ಕೂತ್ಕೋ" ಅಂದೆ. "ಬಾಳೆಹಣ್ಣಿನದು ಹೇಳಿಕೊಡ್ತೀನಿ."